ಬಾದಾಮಿಯ ಬಂಡೆ ಫೋಟೋದಲ್ಲಿ ಯಾಕೆ ಕೆಂಪಗಿಲ್ಲ?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮನೆಗಳ ಹಳೆಯ ಆಲ್ಬಮ್‌ಗಳಲ್ಲಿ ಬಾದಾಮಿ ಗುಹೆಯ ಮುಂದೆ ಸಾಲಾಗಿ ನಿಂತ ಫೋಟೋ ಒಂದಾದರೂ ಇರುವುದು ಹೆಚ್ಚು. ಮೆಟ್ಟಿಲ ಮೇಲೆ ಮಕ್ಕಳು, ಹಿಂದೆ ದೊಡ್ಡವರು, ಅವರ ಹಿಂದೆ ಕಂಬ, ಉಳಿದ ಜಾಗವೆಲ್ಲ ಬಂಡೆ. ಅಂಥದ್ದೊಂದು ಸಿಕ್ಕರೆ ಸ್ವಲ್ಪ ಹೊತ್ತು ನೋಡಿ. ಬಾದಾಮಿಗೆ ಹೋದಾಗ ಕಣ್ಣಿಗೆ ರಾಚುವ ಕೆಂಪು ಅದರಲ್ಲಿ ಇರುವುದಿಲ್ಲ. ಬಂಡೆ ಮಾಸಲು ಕಂದು. ಮುಖಗಳು ನೀಲಿ-ಹಸಿರಿನ ಕಡೆ ವಾಲಿ ಜ್ವರ ಬಿಟ್ಟೆದ್ದವರ ಹಾಗೆ ಕಾಣುತ್ತವೆ. ‘ಕ್ಯಾಮೆರಾ ಚೊಲೋ ಇರಲಿಲ್ಲ’ ಅಂತಲೋ ‘ರೀಲ ಹಳೇದಿತ್ತು’ ಅಂತಲೋ ಮನೆಯಲ್ಲಿ ಮಾತು ಮುಗಿದುಹೋಗುತ್ತದೆ. ಎಷ್ಟೋ ಸಲ ತಪ್ಪು ಅವೆರಡರದ್ದೂ ಅಲ್ಲ. ಬಂಡೆಯ ಕೆಂಪು ಪ್ರಿಂಟಿಗೆ ಮೂಲವಾದ ಫಿಲ್ಮ್ ಪಟ್ಟಿಯಲ್ಲಿ, ಅಂದರೆ ನೆಗೆಟಿವ್‌ನಲ್ಲಿ, ಭದ್ರವಾಗಿ ಕೂತಿದೆ. ಕಾಗದಕ್ಕೆ ಇಳಿಸುವಾಗ ಪ್ರಿಂಟ್ ಹಾಕುವ ಯಂತ್ರ ಅದನ್ನು ಕಳೆದುಬಿಟ್ಟಿದೆ, ಅದೂ ಕೆಟ್ಟುಹೋಗಿ ಅಲ್ಲ, ತನಗೆ ಹೇಳಿಕೊಟ್ಟ ಲೆಕ್ಕವನ್ನು ಸರಿಯಾಗಿ ಮಾಡಿ.

ಕಲರ್ ರೀಲಿನ ವಿಷಯದಲ್ಲಿ ಗೊತ್ತಿರಬೇಕಾದ ದೊಡ್ಡ ಸಂಗತಿ ಇದೇ ಎಂದು ನನಗನ್ನಿಸುತ್ತದೆ. ನಾವು ಪ್ರಿಂಟನ್ನೇ ಫೋಟೋ ಅಂದುಕೊಂಡು ಬೆಳೆದವರು. ಆದರೆ ಪ್ರಿಂಟು ನೆಗೆಟಿವ್ ಅನ್ನು ಯಾರೋ, ಯಾವುದೋ ಯಂತ್ರ, ಒಂದು ಸಲ ಓದಿದ ರೀತಿ ಅಷ್ಟೆ. ಅದೇ ನೆಗೆಟಿವ್ ಇಟ್ಟುಕೊಂಡು ಬೇರೆ ಥರ ಓದಬಹುದು. ಹಳೆಯ ಆಲ್ಬಮ್ ಸರಿಪಡಿಸಬೇಕೆನ್ನುವವರಿಗೂ, ಈಗ ಅಪ್ಪನ ಯಾಶಿಕಾ ಕ್ಯಾಮೆರಾ ಕಪಾಟಿನಿಂದ ಹೊರತೆಗೆದು ಮತ್ತೆ ರೀಲು ಹಾಕುತ್ತಿರುವ ಹುಡುಗ ಹುಡುಗಿಯರಿಗೂ ಇದು ಗೊತ್ತಿದ್ದರೆ ಉಳಿದದ್ದು ಸುಲಭ.

ರೀಲಿನ ಒಳಗೆ

ಕಲರ್ ಫಿಲ್ಮ್ ಒಂದೇ ಪದರದ್ದಲ್ಲ. ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ, ಬೆಳ್ಳಿ ಲವಣದ ಸಣ್ಣ ಹರಳುಗಳನ್ನು ಜೆಲಟಿನ್‌ನಲ್ಲಿ ಕಲಸಿ ಒಂದರ ಮೇಲೊಂದು ಬಳಿದಿರುತ್ತಾರೆ. ಮೇಲಿನ ಪದರ ನೀಲಿ ಬೆಳಕನ್ನು, ನಡುವಿನದು ಹಸಿರನ್ನು, ತಳದ್ದು ಕೆಂಪನ್ನು ಗುರುತಿಸುತ್ತದೆ. ಬೆಳ್ಳಿ ಲವಣಕ್ಕೆ ಹುಟ್ಟಿನಿಂದ ಕಾಣುವುದು ನೀಲಿಯೇ. ಹಸಿರು, ಕೆಂಪು ಕಾಣಬೇಕಾದರೆ ಅದಕ್ಕೆ ಬೇರೆ ರಾಸಾಯನಿಕ ಸೇರಿಸಬೇಕು, ಸೇರಿಸಿದ ಮೇಲೂ ನೀಲಿ ಕಾಣುವ ಗುಣ ಹೋಗುವುದಿಲ್ಲ. ಅದಕ್ಕೇ ಮೇಲಿನ ಪದರದ ಕೆಳಗೆ ಹಳದಿಯದೊಂದು ಪದರ ಇಟ್ಟು ನೀಲಿ ಕೆಳಗೆ ಇಳಿಯದಂತೆ ತಡೆಯುತ್ತಾರೆ. ರೀಲು ತೊಳೆಯುವಾಗ, ಅಂದರೆ ಡೆವಲಪ್ ಮಾಡುವಾಗ, ಆ ಹಳದಿ ಹೋಗಿಬಿಡುತ್ತದೆ.

ಬಟನ್ ಒತ್ತಿದಾಗ ಕಣ್ಣಿಗೆ ಕಾಣುವಂಥದ್ದೇನೂ ಫಿಲ್ಮ್ ಮೇಲೆ ಆಗುವುದಿಲ್ಲ. ಬೆಳಕು ಬಿದ್ದ ಹರಳುಗಳಲ್ಲಿ ಸೂಕ್ಷ್ಮ ಗುರುತು ಉಳಿಯುತ್ತದೆ, ಅಷ್ಟೆ. ಕೆಲಸವೆಲ್ಲ ತೊಳೆಯುವ ಹೊತ್ತಿಗೆ. 1972ರಲ್ಲಿ ಕೊಡಾಕ್ ತಂದ ಸಿ-41 ಎಂಬ ವಿಧಾನವನ್ನೇ ಜಗತ್ತಿನ ಎಲ್ಲ ಕಡೆ, ಎಲ್ಲ ಕಂಪನಿಯ ಕಲರ್ ನೆಗೆಟಿವ್‌ಗಳಿಗೂ ಬಳಸುತ್ತ ಬಂದರು. ಡೆವಲಪರ್ ದ್ರಾವಣ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಬಿಸಿ ಅರ್ಧ ಡಿಗ್ರಿ ಏರುಪೇರಾದರೂ ಮೂರು ಪದರಗಳು ಮೂರು ದಾರಿ ಹಿಡಿಯುತ್ತವೆ. ಬೆಳಕು ಕಂಡ ಹರಳನ್ನು ಡೆವಲಪರ್ ಬೆಳ್ಳಿಯಾಗಿ ಬದಲಿಸುತ್ತದೆ, ಆ ಕೆಲಸದಲ್ಲಿ ತಾನೂ ಬದಲಾಗಿ ಪಕ್ಕದಲ್ಲೇ ಕಾಯುತ್ತಿರುವ ಇನ್ನೊಂದು ರಾಸಾಯನಿಕದ ಜೊತೆ ಸೇರಿ ಬಣ್ಣವಾಗುತ್ತದೆ. ನೀಲಿ ಕಂಡ ಪದರದಲ್ಲಿ ಹಳದಿ ಬಣ್ಣ, ಹಸಿರು ಕಂಡಲ್ಲಿ ಮಜೆಂಟಾ ಎಂಬ ಗುಲಾಬಿ-ನೇರಳೆ, ಕೆಂಪು ಕಂಡಲ್ಲಿ ಸಯಾನ್ ಎಂಬ ನೀಲಿ-ಹಸಿರು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವಾಗಿ ಕಾಣುವುದು ಇದರಿಂದಲೇ.

ಆಮೇಲೆ ಇದ್ದಬದ್ದ ಬೆಳ್ಳಿಯನ್ನೆಲ್ಲ ಮುಂದಿನ ದ್ರಾವಣಗಳು ಕರಗಿಸಿ ತೆಗೆದುಬಿಡುತ್ತವೆ. ತೊಳೆದು ಬಂದ ಕಲರ್ ನೆಗೆಟಿವ್‌ನಲ್ಲಿ ಉಳಿಯುವುದು ಬರೀ ಬಣ್ಣ. ಹಳೆಯ ಕಲರ್ ನೆಗೆಟಿವ್ ಸುಟ್ಟರೆ ಬೆಳ್ಳಿ ಸಿಗುತ್ತದೆ ಎಂದು ನಂಬಿ ಕೂಡಿಟ್ಟವರಿದ್ದಾರೆ. ಆ ಬೆಳ್ಳಿ ಲ್ಯಾಬಿನ ದ್ರಾವಣದ ಜೊತೆ ಎಂದೋ ಹೋಗಿದೆ, ಜಾಣ ಲ್ಯಾಬಿನವರು ಅದನ್ನು ಅಲ್ಲೇ ಹಿಂದಕ್ಕೆ ಪಡೆದಿದ್ದಾರೆ.

ಇನ್ನು ನೆಗೆಟಿವ್ ಇಡಿಯಾಗಿ ಕಿತ್ತಳೆ ಬಣ್ಣಕ್ಕೆ ಯಾಕಿರುತ್ತದೆ? ಇದು ಬಹಳ ಜನ ಕೇಳುವ, ಕಡಿಮೆ ಜನ ಉತ್ತರಿಸುವ ಪ್ರಶ್ನೆ. ಮಜೆಂಟಾ ಬಣ್ಣ ಹಸಿರು ಬೆಳಕನ್ನು ಮಾತ್ರ ಹೀರಬೇಕು, ಆದರೆ ಅದು ಸ್ವಲ್ಪ ನೀಲಿಯನ್ನೂ ಹೀರುತ್ತದೆ. ಸಯಾನ್ ಕೆಂಪನ್ನಷ್ಟೇ ಹೀರಬೇಕು, ಅದೂ ಸ್ವಲ್ಪ ಹಸಿರು, ನೀಲಿಯನ್ನು ಕದಿಯುತ್ತದೆ. ಬಿಟ್ಟರೆ ಪ್ರಿಂಟಿನ ಬಣ್ಣಗಳೆಲ್ಲ ರಾಡಿ. ಈ ಕಳವು ಬಣ್ಣ ಹೆಚ್ಚಿದ್ದಲ್ಲಿ ಹೆಚ್ಚು, ಕಡಿಮೆ ಇದ್ದಲ್ಲಿ ಕಡಿಮೆ, ಹಾಗಾಗಿ ಸರಿಪಡಿಸುವುದೂ ಕಷ್ಟ. ಕೊಡಾಕ್‌ನವರು ಕಂಡುಕೊಂಡ ಉಪಾಯವೆಂದರೆ, ಬಣ್ಣವಾಗಲು ಕಾಯುವ ಆ ರಾಸಾಯನಿಕಕ್ಕೇ ಮೊದಲೇ ತುಸು ಹಳದಿ, ತುಸು ಕೆಂಪು ಕೊಟ್ಟಿಡುವುದು. ಎಲ್ಲಿ ಮಜೆಂಟಾ ಹುಟ್ಟುತ್ತದೋ ಅಲ್ಲಿ ಆ ಹಳದಿ ಅಷ್ಟರಮಟ್ಟಿಗೆ ಮಾಯ. ಬಣ್ಣ ಹುಟ್ಟಿದ ಕಡೆ ಬಣ್ಣದ ಕಳವು, ಹುಟ್ಟದ ಕಡೆ ಉಳಿದ ಹಳದಿ, ಎರಡೂ ಕೂಡಿ ಎಲ್ಲ ಕಡೆ ಒಂದೇ ಸಮ. ತಕ್ಕಡಿಯ ಒಂದು ತಟ್ಟೆ ಇಳಿದಿದ್ದರೆ ಇನ್ನೊಂದಕ್ಕೆ ಸಣ್ಣ ಕಲ್ಲು ಕಟ್ಟಿ ಪಾಸಂಗ ತೆಗೆಯುತ್ತಾರಲ್ಲ, ಹಾಗೆ. ಸಮನಾಗಿ ಇರುವ ಕಿತ್ತಳೆಯನ್ನು ಪ್ರಿಂಟ್ ಹಾಕುವಾಗ ಒಂದೇ ಏಟಿಗೆ ಕಳೆದುಬಿಡಬಹುದು. ಆ ‘ಕಳೆಯುವುದು’ ಎಂಬಲ್ಲೇ ನಮ್ಮ ಬಾದಾಮಿಯ ಕಥೆ ಶುರುವಾಗುವುದು.

ಯಂತ್ರದ ಲೆಕ್ಕ

ಒಂದೊಂದು ನೆಗೆಟಿವ್‌ಗೂ ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ನೀಲಿ ಬೆಳಕು ಕೊಟ್ಟು ಕಾಗದದ ಮೇಲೆ ಇಳಿಸಬೇಕು? ಒಂದೊಂದನ್ನೇ ಪರೀಕ್ಷಿಸುತ್ತ ಕೂತರೆ ಊರಿನ ಎಲ್ಲ ರೀಲುಗಳು ಮುಗಿಯುವುದು ಯಾವಾಗ? 1940ರ ದಶಕದಲ್ಲಿ ಕೊಡಾಕ್‌ನ ರಾಲ್ಫ್ ಇವಾನ್ಸ್ ಒಂದು ಸರಳ ಸೂತ್ರ ಹಿಡಿದರು. ಸಾಮಾನ್ಯ ಫೋಟೋ ಒಂದರಲ್ಲಿರುವ ಎಲ್ಲ ಬಣ್ಣಗಳನ್ನೂ ಕಲಸಿ ಸರಾಸರಿ ತೆಗೆದರೆ ಸುಮಾರಾಗಿ ಬೂದು ಬಣ್ಣ ಬರುತ್ತದೆ. ಹಾಗಾದರೆ ಪ್ರಿಂಟಿನ ಸರಾಸರಿಯೂ ಬೂದು ಬರುವಂತೆ ಮೂರು ಬೆಳಕುಗಳನ್ನು ಹೊಂದಿಸಿದರಾಯಿತು. ಈ ಸೂತ್ರ ಆಶ್ಚರ್ಯಪಡುವಷ್ಟು ಚೆನ್ನಾಗಿ ಕೆಲಸ ಮಾಡಿತು. ನಮ್ಮ ಊರುಗಳಲ್ಲಿ ‘ಒಂದು ತಾಸಿನಲ್ಲಿ ಕಲರ್ ಪ್ರಿಂಟ್’ ಎಂದು ಬೋರ್ಡ್ ಹಾಕಿಕೊಂಡ ಅಂಗಡಿಗಳ ಯಂತ್ರಗಳೂ ಇದೇ ಯೋಚನೆಯನ್ನು ತಿದ್ದಿ ತೀಡಿ ಬಳಸಿದವು.

ಸೂತ್ರ ಸೋಲುವುದು ಫೋಟೋ ‘ಸಾಮಾನ್ಯ’ ಅಲ್ಲದಾಗ. ಬಾದಾಮಿಯಲ್ಲಿ ಚೌಕಟ್ಟಿನ ಮುಕ್ಕಾಲು ಭಾಗ ಕೆಂಪು ಮರಳುಗಲ್ಲು. ಯಂತ್ರಕ್ಕೆ ಅದು ಬಂಡೆ ಎಂದು ಗೊತ್ತಿಲ್ಲ. ಸರಾಸರಿ ಕೆಂಪಗಿದೆ, ಏನೋ ಹೆಚ್ಚುಕಡಿಮೆಯಾಗಿದೆ ಎಂದುಕೊಂಡು ಅದಕ್ಕೆ ವಿರುದ್ಧವಾದ ಸಯಾನ್ ಅನ್ನು ಇಡೀ ಚಿತ್ರಕ್ಕೆ ಬಳಿಯುತ್ತದೆ. ಬಂಡೆಯ ಕೆಂಪು ಇಳಿಯುತ್ತದೆ. ಅದೇ ಏಟಿಗೆ ಮುಂದೆ ನಿಂತ ಅವ್ವನ ಮುಖಕ್ಕೂ ಸಯಾನ್ ಮೆತ್ತಿಕೊಳ್ಳುತ್ತದೆ.

ಈ ಕಣ್ಣಿನಿಂದ ನೋಡಲು ಶುರುಮಾಡಿದರೆ ನಮ್ಮ ಭಾಗದ ಪ್ರವಾಸದ ಫೋಟೋಗಳೆಲ್ಲ ಅರ್ಥವಾಗತೊಡಗುತ್ತವೆ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಿಳಿಜೋಳದ ಹಸಿರು ಪೈರಿನ ನಡುವೆ ಬುತ್ತಿ ಬಿಚ್ಚಿ ಕೂತ ಫೋಟೋ ತೆಗೆದುಕೊಳ್ಳಿ. ಅಲ್ಲಿ ಚೌಕಟ್ಟಿನ ತುಂಬ ಹಸಿರು. ಯಂತ್ರ ಮಜೆಂಟಾ ಬೆರೆಸುತ್ತದೆ. ಪೈರು ಬಾಡಿದಂತೆ, ಮುಖಗಳು ಸಿಟ್ಟು ಬಂದವರಂತೆ ಗುಲಾಬಿ. ಆಲಮಟ್ಟಿಯ ಹಿನ್ನೀರಿನ ದಂಡೆಯಲ್ಲಿ, ಕೂಡಲಸಂಗಮದಲ್ಲಿ ನೀರು, ಆಕಾಶ ಎರಡೂ ತುಂಬಿದ ಫೋಟೋ ಹಳದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ಗೆ ಹೋದವರು ನೆನೆಸಿಕೊಳ್ಳಿ. ಘಟಪ್ರಭೆ 52 ಮೀಟರ್ ಎತ್ತರದಿಂದ ಕೆಮ್ಮಣ್ಣಿನ ನೀರಾಗಿ ಬೀಳುತ್ತದೆ, ಆದರೆ ಪ್ರಿಂಟಿನಲ್ಲಿ ಅದು ಚಹಾದ ಬಣ್ಣ ಬಿಟ್ಟು ಸಿಮೆಂಟ್ ಬಣ್ಣ ತಾಳುತ್ತದೆ. ಇಳಕಲ್ ಸೀರೆಯುಟ್ಟ ನಾಲ್ಕೈದು ಮಂದಿ ಒತ್ತೊತ್ತಾಗಿ ನಿಂತರೂ ಸಾಕು, ಸೆರಗಿನ ಕೆಂಪೇ ಯಂತ್ರದ ದಾರಿ ತಪ್ಪಿಸುತ್ತದೆ.

ಬಣ್ಣದ್ದು ಹೀಗಾದರೆ ಬೆಳಕಿನದ್ದೂ ಇದೇ ಹಣೆಬರಹ. ಸುಣ್ಣ ಹೊಡೆದ ಗುಡಿಯ ಗೋಡೆಯ ಮುಂದೆ ನಿಂತರೆ ಚಿತ್ರದ ತುಂಬ ಬಿಳುಪು. ಯಂತ್ರ ಅದನ್ನು ಬೂದು ಮಾಡಲು ಹೋಗಿ ಪ್ರಿಂಟನ್ನೇ ಕಪ್ಪಾಗಿಸುತ್ತದೆ. ರಾತ್ರಿ ಜಾತ್ರೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದದ್ದಾದರೆ ಉಲ್ಟಾ. ಹಿಂದೆ ಪೂರ್ತಿ ಕತ್ತಲೆ, ಯಂತ್ರ ಆ ಕತ್ತಲನ್ನು ಬೂದು ಮಾಡಲು ಹೊರಟು ಮುಖಗಳನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ‘ಫ್ಲ್ಯಾಶ್ ಜಾಸ್ತಿ ಆತು’ ಎಂದು ಫೋಟೋ ತೆಗೆದ ಚಿಕ್ಕಪ್ಪನನ್ನು ಎಲ್ಲರೂ ಬೈದದ್ದೇ ಬೈದದ್ದು. ಎಷ್ಟೋ ಸಲ ಆ ನೆಗೆಟಿವ್‌ನಲ್ಲಿ ಮುಖದ ವಿವರವೆಲ್ಲ ಸರಿಯಾಗಿಯೇ ಇರುತ್ತದೆ.

ಯಂತ್ರದ ಮುಂದೆ ಕೂತವರಿಗೆ ಇದೆಲ್ಲ ಗೊತ್ತಿತ್ತು. ಬಣ್ಣ ಹೆಚ್ಚು ಕಡಿಮೆ ಮಾಡಲು, ದಟ್ಟ ತಿಳಿ ಮಾಡಲು ಅವರ ಕೈಕೆಳಗೆ ಕೀಲಿಗಳಿದ್ದವು, ಒಳ್ಳೆಯ ಆಪರೇಟರ್ ನೆಗೆಟಿವ್ ಒಂದನ್ನು ಕ್ಷಣ ದಿಟ್ಟಿಸಿ ‘ಇದು ಗುಡ್ಡದ್ದು’ ಎಂದು ತಿಳಿದು ತಿದ್ದುತ್ತಿದ್ದ. ಮದುವೆ ಸೀಸನ್ನಿನಲ್ಲಿ ರೀಲುಗಳ ರಾಶಿ ಬಿದ್ದಾಗ ಆ ಕ್ಷಣ ಸಿಗುತ್ತಿರಲಿಲ್ಲ. ಆದ್ದರಿಂದ ಪ್ರಿಂಟ್ ಹಾಕಿಸುವಾಗ ಒಂದು ಮಾತು ಹೇಳುವುದರಲ್ಲಿ ಲಾಭವಿತ್ತು: ‘ಅಣ್ಣಾರ, ಹಿಂದಿನ ಕಲ್ಲು ಕೆಂಪನ ಐತ್ರಿ, ಮಾರಿ ನೋಡಿ ಬಣ್ಣ ಹೊಂದಸ್ರಿ.’ 1990ರ ದಶಕದ ಕೊನೆಯ ಹೊತ್ತಿಗೆ ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿ ಲೇಸರ್‌ನಿಂದ ಕಾಗದಕ್ಕೆ ಇಳಿಸುವ ಯಂತ್ರಗಳು ಬಂದವು. ಅವು ಹೆಚ್ಚು ಜಾಣ, ಆದರೆ ಊಹೆ ಮಾತ್ರ ಊಹೆಯೇ. ಇವತ್ತು ರೀಲು ಕೊಟ್ಟು ಸ್ಕ್ಯಾನ್ ತರಿಸಿಕೊಳ್ಳುವವರಿಗೂ ಬಾದಾಮಿಯ ಬಂಡೆ ಒಮ್ಮೊಮ್ಮೆ ಮಾಸಲಾಗಿಯೇ ಬರುವುದು ಅದಕ್ಕೇ.

ಬಿಸಿಲು, ನೆರಳು, ಅಜ್ಜನ ಧೋತರ

ಬಿಸಿಲಿಗೆ ಎಷ್ಟು ಬೆಳಕು ಬಿಡಬೇಕು ಎನ್ನುವುದಕ್ಕೆ ಹಳೆಯ ನಿಯಮವೊಂದಿದೆ. ಚೊಕ್ಕ ಬಿಸಿಲಿದ್ದರೆ ಲೆನ್ಸಿನ ಕಿಂಡಿ ಎಫ್ 16ಕ್ಕೆ ಇಟ್ಟು, ಫಿಲ್ಮಿನ ಐಎಸ್‌ಓ, ಅಂದರೆ ಬೆಳಕಿಗೆ ಅದು ಎಷ್ಟು ಚುರುಕು ಎಂಬ ಅಂಕಿ, ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಭಾಗದ ಹತ್ತಿರಕ್ಕೆ ಶಟರ್ ಇಡಬೇಕು. 100ರ ಫಿಲ್ಮಿಗೆ 1/125, 200ರ ಫಿಲ್ಮಿಗೆ 1/250. ಎಫ್ ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು: ತೆಳು ಮೋಡಕ್ಕೆ ಎಫ್ 11, ಮೋಡ ಕವಿದ ದಿನಕ್ಕೆ ಎಫ್ 8, ಬಯಲ ನೆರಳಿಗೆ ಎಫ್ 5.6 ಅಥವಾ 4. ಬೆಳಕು ಅಳೆಯುವ ಮೀಟರ್ ಕೆಟ್ಟ ಹಳೆಯ ಕ್ಯಾಮೆರಾಗೂ ಇದಿಷ್ಟೇ ಸಾಕು. ನಮ್ಮ ಬಯಲುಸೀಮೆಯ ಬಿಸಿಲಂತೂ ನಿಯಮಕ್ಕೆ ಹೇಳಿ ಮಾಡಿಸಿದ್ದು.

ಹಾಗಾದರೆ ಕಿಂಡಿಯನ್ನೂ ಶಟರನ್ನೂ ತಿರುಗಿಸಲು ಬಾರದ ಅಗ್ಗದ ಕ್ಯಾಮೆರಾಗಳು ಹೇಗೆ ಕೆಲಸ ಮಾಡಿದವು? ಕಪ್ಪು-ಬಿಳುಪಿನ ಕಾಲದಲ್ಲಿ ಮನೆಮನೆಗೆ ಬಂದ ಆಗ್ಫಾ ಕ್ಲಿಕ್ 3, ಎಂಬತ್ತರ ದಶಕದ ಹಾಟ್ ಶಾಟ್, ಆಮೇಲಿನ ಕೊಡಾಕ್ ಕೆಬಿ 10, ಇವುಗಳಲ್ಲಿ ಒತ್ತುವುದು ಬಿಟ್ಟರೆ ಮಾಡಲು ಹೆಚ್ಚೇನೂ ಇರಲಿಲ್ಲ. ಅವು ಗೆದ್ದದ್ದು ನೆಗೆಟಿವ್‌ನ ಸಹನೆಯಿಂದ. ಬೇಕಾದ್ದಕ್ಕಿಂತ ನಾಲ್ಕು ಪಟ್ಟು, ಎಂಟು ಪಟ್ಟು ಬೆಳಕು ಹೆಚ್ಚು ಬಿದ್ದರೂ ಅದರಿಂದ ಒಳ್ಳೆಯ ಪ್ರಿಂಟ್ ತೆಗೆಯಬಹುದು. ಕಡಿಮೆ ಬಿದ್ದರೆ ಮಾತ್ರ ಕ್ಷಮೆಯಿಲ್ಲ. ಅರ್ಧಕ್ಕಿಂತ ಕಡಿಮೆಯಾದರೆ ನೆರಳುಗಳು ಹಸಿರು ಮಿಶ್ರಿತ ಬೂದಿಯಾಗಿ, ಕಾಳು ಕಾಳಾಗಿ ಒಡೆಯುತ್ತವೆ. ಪರದೆಯ ಮೇಲೆ ಬೆಳಕು ಹಾಯಿಸಿ ನೋಡುವ ಸ್ಲೈಡ್ ಫಿಲ್ಮಿಗೆ ಈ ಔದಾರ್ಯ ಎರಡೂ ಕಡೆ ಇಲ್ಲ. ಹಾಗಾಗಿ ಅನುಮಾನ ಬಂದಾಗ ನೆಗೆಟಿವ್‌ಗೆ ಬೆಳಕು ಹೆಚ್ಚೇ ಕೊಡಬೇಕು, ಮುಖ್ಯವಾದ ವಿಷಯ ನೆರಳಿನಲ್ಲಿದ್ದರೆ ನೆರಳಿಗೆ ಅಳೆಯಬೇಕು. ಡಿಜಿಟಲ್‌ನಲ್ಲಿ ಪಳಗಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ, ಅಲ್ಲಿ ಹೆಚ್ಚಾದ ಬೆಳಕೇ ಮರಳಿ ಬಾರದ್ದು.

ಆದರೆ ನೆಗೆಟಿವ್ ಹಿಡಿದಷ್ಟನ್ನು ಕಾಗದ ಹಿಡಿಯುವುದಿಲ್ಲ. ಅಜ್ಜ ಬಿಳಿ ಧೋತರ, ಬಿಳಿ ಪಟಕ ಸುತ್ತಿಕೊಂಡು ಮಟಮಟ ಮಧ್ಯಾಹ್ನ ನಿಂತಿದ್ದಾನೆ ಎನ್ನಿ. ಧೋತರದ ನೆರಿಗೆ, ಪಟಕದ ಕೆಳಗಿನ ನೆರಳಿನಲ್ಲಿರುವ ಕಣ್ಣು, ಎರಡೂ ನೆಗೆಟಿವ್‌ನಲ್ಲಿ ಇವೆ. ಪ್ರಿಂಟಿನಲ್ಲಿ ಒಂದನ್ನು ಆರಿಸಬೇಕು. ಕಣ್ಣು ಕಾಣಿಸಿದರೆ ಧೋತರ ಬಿಳಿ ಕಾಗದ, ನೆರಿಗೆ ಕಾಣಿಸಿದರೆ ಮುಖ ಕಪ್ಪು. ಈಗ ಸ್ಕ್ಯಾನ್ ಮಾಡಿ ಎರಡನ್ನೂ ಹೊರತೆಗೆಯಬಹುದು, ಹಳೆಯ ನೆಗೆಟಿವ್‌ಗಳನ್ನು ಮತ್ತೆ ತೆರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣದು.

ಹೊತ್ತಿನ ಆಯ್ಕೆ ಇವೆಲ್ಲಕ್ಕಿಂತ ದೊಡ್ಡದು. ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ಹತ್ತು ದಿನಗಳ ಆಸುಪಾಸು ಅಲ್ಲಿ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ, ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಸೂಟಿಯೆಂದು ಮಕ್ಕಳನ್ನು ಕರೆದುಕೊಂಡು ಗೋಳಗುಮ್ಮಟಕ್ಕೆ ಹೋಗುವುದೂ ಅದೇ ಹೊತ್ತಿಗೆ! ಕಣ್ಣುಗುಳಿಯಲ್ಲಿ ಕಪ್ಪು, ಮೂಗಿನ ಕೆಳಗೆ ಮೀಸೆಯಂಥ ನೆರಳು. ಎಳ್ಳ ಅಮವಾಸ್ಯೆಯ ಸುಮಾರಿಗಾದರೆ ನಡುಮಧ್ಯಾಹ್ನವೂ ಸೂರ್ಯ ಐವತ್ತು ಡಿಗ್ರಿ ಎತ್ತರದ ಆಸುಪಾಸಿನಲ್ಲೇ ಇರುತ್ತಾನೆ, ಬೆಳಕು ಓರೆಯಾಗಿ ಮುಖದ ಮೇಲೆ ಬೀಳುತ್ತದೆ. ಮನೆಯ ಆಲ್ಬಮ್ಮಿನಲ್ಲಿ ಹೊಲದ ಊಟದ ಫೋಟೋಗಳು ಬೇಸಿಗೆಯ ಫೋಟೋಗಳಿಗಿಂತ ಚೆನ್ನಾಗಿ ಬಂದಿದ್ದರೆ ಅರ್ಧ ಶ್ರೇಯಸ್ಸು ಸೂರ್ಯನದು.

ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಬಾದಾಮಿಯೇ ಒಳ್ಳೆಯ ಪಾಠಶಾಲೆ. ಗುಹೆಗಳು ಅಗಸ್ತ್ಯ ತೀರ್ಥದ ದಕ್ಷಿಣದ ಗುಡ್ಡದಲ್ಲಿ, ಉತ್ತರಕ್ಕೆ ಮುಖ ಮಾಡಿ ಕೊರೆದಂಥವು. 578ರ ಶಾಸನವಿರುವ ಮೂರನೇ ಗುಹೆಯ ಮೊಗಸಾಲೆಯಲ್ಲಿ ಮಧ್ಯಾಹ್ನವೂ ಮೆತ್ತನೆಯ ನೆರಳು, ಎದುರಿನ ಬಯಲಿಂದ ತೂರಿ ಬರುವ ಬೆಳಕು. ಮಂದಿಯನ್ನು ಕಂಬಗಳ ಸಾಲಿನ ಹತ್ತಿರ, ಹೊರಗೆ ಮುಖ ಮಾಡಿ ನಿಲ್ಲಿಸಿದರೆ ಸಾಕು. ಅದೇ ಕೆರೆಯ ಪೂರ್ವದ ದಂಡೆಯ ಭೂತನಾಥ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಅದು ಸಂಜೆಯ ಜಾಗ. ಬೆಳಿಗ್ಗೆ ಅಲ್ಲಿ ನಿಂತರೆ ಸೂರ್ಯ ಗುಡಿಯ ಹಿಂದೆ, ಮುಖಗಳೆಲ್ಲ ಕಪ್ಪು. ಹಾಂ, ಬಾದಾಮಿಯ ಮಂಗಗಳಿಗೆ ಕ್ಯಾಮೆರಾ ಚೀಲಕ್ಕೂ ಬುತ್ತಿಯ ಚೀಲಕ್ಕೂ ಭೇದ ತಿಳಿಯದು.

ಒಳಾಂಗಣದ ಬೆಳಕಿಗೆ ಬೇರೆಯೇ ತಕರಾರು. ಸಾಮಾನ್ಯ ಕಲರ್ ಫಿಲ್ಮನ್ನು ಹಗಲು ಬೆಳಕಿಗೆ ಹೊಂದಿಸಿ ಮಾಡಿರುತ್ತಾರೆ. ಹಳೆಯ ಬಲ್ಬಿನ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ, ಎಲ್ಲವೂ ಅರಿಷಿಣ. ಟ್ಯೂಬ್‌ಲೈಟಿನಲ್ಲಿ ಹಸಿರು ಹೆಚ್ಚು, ಮುಖಕ್ಕೆ ಪಾಚಿ ಕಟ್ಟಿದಂತೆ. 1989ರಲ್ಲಿ ಫ್ಯೂಜಿ ತನ್ನ ರಿಯಾಲಾ ಫಿಲ್ಮಿಗೆ ನಾಲ್ಕನೆಯದೊಂದು ಬಣ್ಣಗ್ರಾಹಿ ಪದರ ಸೇರಿಸಿದ್ದರಿಂದ ಟ್ಯೂಬ್‌ಲೈಟಿನ ಕಾಟ ಸ್ವಲ್ಪ ತಗ್ಗಿತು.

ಫ್ಲ್ಯಾಶ್ ಹಗಲಿನ ಬಣ್ಣದ್ದೇ, ಆದರೆ ಅದರ ಕೈ ಗಿಡ್ಡ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಸಣ್ಣ ಕ್ಯಾಮೆರಾದ ಫ್ಲ್ಯಾಶ್ 100ರ ಫಿಲ್ಮಿಗೆ ಸುಮಾರು ಮೂರು ಮೀಟರ್ ತಲುಪಿದರೆ ಹೆಚ್ಚು, 400ರ ಫಿಲ್ಮಿಗೆ ಅದರ ಎರಡು ಪಟ್ಟು. ಗೋಳಗುಮ್ಮಟದ ಒಳಗಿನ ಅಂಗಳ ಒಂದೊಂದು ಬದಿಗೆ 41 ಮೀಟರ್. ಅಲ್ಲಿ ಗುಮ್ಮಟವನ್ನು ಬೆಳಗಿಸುತ್ತೇನೆಂದು ಫ್ಲ್ಯಾಶ್ ಹೊಡೆದರೆ ಬೆಳಗುವುದು ಮುಂದೆ ನಿಂತವರ ಹೆಗಲು ಮಾತ್ರ. ಫ್ಲ್ಯಾಶ್‌ನ ನಿಜವಾದ ಉಪಯೋಗ ಬಯಲಲ್ಲಿ. ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಮುಖದ ನೆರಳು ತುಂಬಲು ಎರಡು ಮೀಟರ್ ದೂರದಿಂದ ಹೊಡೆಯಿರಿ, ಎಲ್ಲರ ಕಣ್ಣೂ ತೆರೆದಿರುತ್ತದೆ. ಹಗಲಲ್ಲಿ ಫ್ಲ್ಯಾಶ್ ಯಾಕೆ ಎಂದು ನಗುವವರು ನಗಲಿ.

ಕಾಯುವ ರೀಲು

ಪಂಚಮಿಗೆ ಹಾಕಿದ ರೀಲು ಸಂಕ್ರಾಂತಿಗೆ ಮುಗಿಯುತ್ತಿದ್ದ ಮನೆಗಳು ನಮ್ಮವು. 36 ಫೋಟೋ ಖರ್ಚಾಗುವತನಕ ತೊಳೆಸುವ ಮಾತಿಲ್ಲ, 37ನೆಯದೊಂದು ಬಂದರೆ ಅದೇ ಹಬ್ಬ. ಹರಳಿನಲ್ಲಿ ಉಳಿದ ಆ ಕಾಣದ ಗುರುತು ಶಾಶ್ವತವಲ್ಲ, ತಿಂಗಳುಗಟ್ಟಲೆ ಬಿಟ್ಟರೆ ಅಳಿಯತೊಡಗುತ್ತದೆ. ಮೂರು ಪದರಗಳಲ್ಲಿ ಒಂದೇ ವೇಗದಲ್ಲಿ ಅಳಿದರೆ ಚಿಂತೆಯಿರಲಿಲ್ಲ, ಆದರೆ ವೇಗ ಬೇರೆ ಬೇರೆ, ಹಾಗಾಗಿ ಬಣ್ಣ ಜಾರುತ್ತದೆ. ಬಿಸಿಯಿದ್ದರೆ ಎಲ್ಲವೂ ಬೇಗ. ಏಪ್ರಿಲ್-ಮೇ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಕ್ಯಾಮೆರಾ ಬಿಟ್ಟರೆ ಒಂದು ಮಧ್ಯಾಹ್ನದಲ್ಲಿ ಆಗುವ ಹಾನಿ ಫ್ರಿಜ್ಜಿನಲ್ಲಿ ವರ್ಷಗಟ್ಟಲೆ ಇಟ್ಟರೂ ಆಗದು. ಒದ್ದೆ ಪಂಚೆ ಸುತ್ತಿದ ನೀರಿನ ಗಡಿಗೆಯ ಪಕ್ಕ ಚೀಲ ಇಡುವುದು ಒಳ್ಳೆಯದು, ಗಡಿಗೆಯ ಮೇಲೆ ಬೇಡ. ಹಾಕದ ರೀಲು ಫ್ರಿಜ್ಜಿನಲ್ಲಿದ್ದರೆ ಹೊರಗೆ ತೆಗೆದು ಡಬ್ಬಿ ತೆರೆಯದೆ ತಾಸು ಹೊತ್ತು ಬಿಡಿ, ಇಲ್ಲದಿದ್ದರೆ ಹಬೆ ಕಟ್ಟುತ್ತದೆ.

ಯಾವ ರೀಲು? ಬಿಸಿಲಿನ ಪ್ರವಾಸಕ್ಕೆ 200ರದ್ದು ಸಾಕು, ಕೊಡಾಕ್ ಗೋಲ್ಡ್ 200 ಬೆಚ್ಚಗಿನ ಬಣ್ಣದ್ದು, ನಮ್ಮ ಮೈಬಣ್ಣಕ್ಕೆ ಒಪ್ಪುತ್ತದೆ. ಕಿಂಡಿ ತಿರುಗದ ಕ್ಯಾಮೆರಾದಲ್ಲಿ ಗುಡಿ, ಗುಹೆ, ಸಂಜೆ ಎಲ್ಲ ಬರಬೇಕೆಂದರೆ 400ರದ್ದು ಹಾಕಿ. ಬಿಸಿಲಿನಲ್ಲಿ ಬೆಳಕು ಹೆಚ್ಚಾದರೆ ನೆಗೆಟಿವ್ ತಾಳಿಕೊಳ್ಳುತ್ತದೆ, ನೆರಳಿನಲ್ಲಿ ಕಡಿಮೆಯಾಗದಿರುವುದೇ ಮುಖ್ಯ. ಅಂಥ ಕ್ಯಾಮೆರಾಗಳಿಗೆ ಫೋಕಸ್ ತಿರುಗಿಸುವ ಸೌಕರ್ಯವೂ ಇಲ್ಲವಾದ್ದರಿಂದ ಒಂದೂವರೆ ಮೀಟರ್‌ಗಿಂತ ಹತ್ತಿರ ಹೋಗಬೇಡಿ.

ಹಳೆಯ ನೆಗೆಟಿವ್

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಮಂದಿ ನವನಗರಕ್ಕೆ ಬಂದರು. ಆ ಓಣಿಗಳ ಬಣ್ಣ, ಬಾಗಿಲು, ಕಟ್ಟೆಯ ಮೇಲೆ ಕೂತವರು ಉಳಿದಿರುವುದು ಅಂಥ ಮನೆಗಳ ಫೋಟೋಗಳಲ್ಲೇ. ಸಾಮಾನು ಸಾಗಿಸುವಾಗ ಆಲ್ಬಮ್ ಜೋಪಾನವಾಗಿ ಬಂತು, ನೆಗೆಟಿವ್‌ಗಳ ಪ್ಲಾಸ್ಟಿಕ್ ಚೀಲ ಯಾವುದೋ ಟ್ರಂಕಿನ ತಳ ಸೇರಿತು. ಆಗಬೇಕಾದ್ದು ತಿರುವುಮುರುವು. ಎಪ್ಪತ್ತು-ಎಂಬತ್ತರ ದಶಕದ ಪ್ರಿಂಟುಗಳಲ್ಲಿ ಸಯಾನ್ ಬಣ್ಣ ಕತ್ತಲಲ್ಲಿಟ್ಟರೂ ತಾನೇ ಅಳಿಯುತ್ತದೆ, ಅದಕ್ಕೇ ಅವು ಕೆಂಪು-ಹಳದಿಗೆ ತಿರುಗಿವೆ. ಅಂಟು ಹಾಳೆಯ ಆಲ್ಬಮ್‌ಗಳು ಅದರ ಮೇಲೆ ಇನ್ನಷ್ಟು ಹಾನಿ ಮಾಡಿವೆ. ನೆಗೆಟಿವ್‌ನ ಬಣ್ಣವೂ ಅಳಿಯುತ್ತದೆ, ಆದರೆ ಬೆಳಕು ಕಾಣದೆ ಟ್ರಂಕಿನಲ್ಲಿ ಬಿದ್ದದ್ದೇ ಅದಕ್ಕೆ ಒಳ್ಳೆಯದಾಗಿರಬಹುದು.

ಸಿಕ್ಕರೆ ಮೊದಲು ತಗಡಿನ ಕೆಳಗಿನ ಅಟ್ಟದಿಂದ ಇಳಿಸಿ. ಮೆದುವಾದ, ವಾಸನೆ ಹೊಡೆಯುವ ಪಿವಿಸಿ ಚೀಲ ತೆಗೆದು ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಹಾಕಿ, ತಂಪು, ಒಣ ಕಪಾಟಿನಲ್ಲಿ ಇಡಿ. ಬೆಳಗಾವಿಯ ಮಳೆ ಕಂಡ ನೆಗೆಟಿವ್‌ಗಳ ಮೇಲೆ ಬೂಷ್ಟು ಜಾಲ ಹಬ್ಬಿರಬಹುದು. ಅವನ್ನು ನೀರಿನಲ್ಲಿ ತೊಳೆಯಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆ, ಬೂಷ್ಟಿನ ಜೊತೆ ಚಿತ್ರವೂ ಹೋಗುತ್ತದೆ. ಮೆತ್ತನೆಯ ಕುಂಚದಿಂದ ಒಣಗಿದ್ದನ್ನಷ್ಟೇ ಒರೆಸಿ.

ಯಾವುದರಲ್ಲಿ ಏನಿದೆ ಎಂದು ನೋಡಿಕೊಳ್ಳಲು ಮೊಬೈಲು ಸಾಕು. ಲ್ಯಾಪ್‌ಟಾಪಿನ ಬಿಳಿ ಪರದೆಯಿಂದ ನಾಲ್ಕು ಬೆರಳು ಎತ್ತರದಲ್ಲಿ ನೆಗೆಟಿವ್ ಹಿಡಿದು ಫೋಟೋ ತೆಗೆದು ಬಣ್ಣ ತಿರುವಿದರೆ ಮುಖಗಳು ಗೊತ್ತಾಗುತ್ತವೆ. ಪರದೆಗೆ ಅಂಟಿಸಿ ಹಿಡಿದರೆ ಅದರ ಚುಕ್ಕೆಗಳೂ ಬಂದುಬಿಡುತ್ತವೆ. ಆರಿಸಿದವನ್ನು ಮಾತ್ರ ಸರಿಯಾಗಿ ಸ್ಕ್ಯಾನ್ ಮಾಡಿಸಿ. ಇಂಚಿಗೆ 2400 ಚುಕ್ಕೆಯ ಸ್ಕ್ಯಾನ್‌ನಲ್ಲಿ 35 ಮಿಲಿಮೀಟರ್ ನೆಗೆಟಿವ್‌ನಿಂದ ಸುಮಾರು 77 ಲಕ್ಷ ಪಿಕ್ಸೆಲ್ ಸಿಗುತ್ತವೆ, ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೂ ಅಷ್ಟು ಸಾಲುತ್ತದೆ. ಧೂಳು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯ ಕಲರ್ ನೆಗೆಟಿವ್‌ಗೆ ನಡೆಯುತ್ತದೆ, ಬೆಳ್ಳಿಯಿರುವ ಕಪ್ಪು-ಬಿಳುಪಿನದಕ್ಕೆ ನಡೆಯುವುದಿಲ್ಲ. ಅಂಗಡಿಯಲ್ಲಿ ಕೊಡುವಾಗ ತಾನಾಗಿಯೇ ಬಣ್ಣ ತಿದ್ದುವುದನ್ನು ಬಂದ್ ಮಾಡಲು ಹೇಳಿ, ಜೆಪೆಗ್ ಬದಲು ಬಣ್ಣದ ವಿವರ ಹೆಚ್ಚು ಉಳಿಯುವ 16 ಬಿಟ್‌ನ ಟಿಫ್ ಫೈಲ್ ಕೇಳಿ. ಬಂಡೆ ಎಷ್ಟು ಕೆಂಪಿರಬೇಕು ಎಂಬುದನ್ನು ಆಮೇಲೆ ಮನೆಯಲ್ಲಿ, ಅಲ್ಲಿಗೆ ಹೋಗಿ ಬಂದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಂದಿಸಬಹುದು. ನೆಗೆಟಿವ್ ಪಟ್ಟಿಗಳನ್ನು ಎಣಿಸಿ ಕೊಡಿ, ಎಣಿಸಿ ಇಸಿದುಕೊಳ್ಳಿ.